ತಲೆಬುರುಡೆಯ ಬಾವುಟ ಇಳಿಸಿದ ಮೇಲೆ

ಒಂದು ಕಂಪ್ಯೂಟರ್ ಗೇಮಿಗೆ ನಮ್ಮ ಕರಾವಳಿಯ ಕಡಲ್ಗಳ್ಳರನ್ನು ಸೇರಿಸಲು ಹೊರಟಾಗ ನಾನು ಮೊದಲು ಮಾಡಿದ್ದು ಬಾವುಟ. ಉದ್ದ 128 ಪಿಕ್ಸೆಲ್, ಅಗಲ 128 ಪಿಕ್ಸೆಲ್. ಕಪ್ಪು ಬಟ್ಟೆ, ಬಿಳಿ ತಲೆಬುರುಡೆ, ಕೆಳಗೆ ಅಡ್ಡಡ್ಡ ಎರಡು ಎಲುಬು. ರಾತ್ರಿ ಊಟ ಮುಗಿಸಿ ಕೂತವನು ಹಲ್ಲುಗಳನ್ನು ಒಂದೊಂದಾಗಿ ಬಿಡಿಸಿ ಮುಗಿಸುವಾಗ ಗಂಟೆ ಒಂದಾಗಿತ್ತು. ಟಿಜಿಎ ಎಂಬ ಬಗೆಯ ಚಿತ್ರದ ಫೈಲ್ ಮಾಡಿ ಉಳಿಸಿದೆ. ಗೇಮ್ ತೆರೆದೆ. ಕುಂಬಳೆಯ ಎದುರಿನ ಕಡಲಿನಲ್ಲಿ ಆ ಬಾವುಟದ ಹಡಗು ತೇಲುವುದನ್ನು ನೋಡಿ ಮಲಗಿದೆ. ತುಂಬಾ ಖುಷಿಯಾಗಿತ್ತು. ಕಡಲ್ಗಳ್ಳರನ್ನು ಸೇರಿಸುವ ಕೆಲಸ ಅರ್ಧ ಮುಗಿಯಿತು ಎಂದೇ ಅಂದುಕೊಂಡಿದ್ದೆ.

ಆ ಬಾವುಟ ಈಗ ನಮ್ಮ ಮಾಡ್‌ನಲ್ಲಿ ಇಲ್ಲ. ಅದು ಯಾಕೆ ಇಳಿಯಿತು, ಅದರ ಜಾಗಕ್ಕೆ ಏನು ಬಂತು ಎಂಬುದನ್ನು ಬರೆದಿಡಬೇಕು ಅನಿಸಿತು.

ಗೇಮ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದು ಯುರೋಪಾ ಯೂನಿವರ್ಸಾಲಿಸ್ 4. 1444ರ ನವೆಂಬರ್ 11ಕ್ಕೆ ಶುರುವಾಗಿ 1821ರವರೆಗೆ ನಡೆಯುವ ಆಟ. ಇಡೀ ಭೂಪಟ ನಿಮ್ಮ ಮುಂದೆ ಇರುತ್ತದೆ. ವಿಜಯನಗರವೋ ಪೋರ್ಚುಗಲ್ಲೋ ಕಲ್ಲಿಕೋಟೆಯೋ, ಯಾವುದಾದರೂ ಒಂದು ರಾಜ್ಯ ಹಿಡಿದು ವ್ಯಾಪಾರ, ಯುದ್ಧ, ಸಂಧಾನ ಎಲ್ಲ ನೀವೇ ನೋಡಿಕೊಳ್ಳಬೇಕು. ಇದರ ದೊಡ್ಡ ಗುಣ ಏನೆಂದರೆ ಒಳಗಿನ ಹೆಚ್ಚಿನ ಸಂಗತಿಗಳು ಸಾದಾ ಟೆಕ್ಸ್ಟ್ ಫೈಲ್‌ಗಳಲ್ಲೇ ಇವೆ. ನೋಟ್‌ಪ್ಯಾಡ್ ಇದ್ದರೆ ಸಾಕು, ಬದಲಾಯಿಸಬಹುದು. ಹಾಗೆ ಬದಲಾಯಿಸಿ ಕಟ್ಟಿದ್ದಕ್ಕೆ ಮಾಡ್ ಅನ್ನುತ್ತಾರೆ.

ನಮ್ಮದು ನಾಲ್ಕು ಜನರ ತಂಡ. ನಾನು ಕಾಸರಗೋಡಿನ ಕುಂಬಳೆಯವನು. ಒಬ್ಬ ಮಂಗಳೂರಿನವನು, ಒಬ್ಬ ವಡಗರದವನು, ಇನ್ನೊಬ್ಬ ರತ್ನಾಗಿರಿಯವನು. ಕೊಂಕಣದಿಂದ ಕೊಲ್ಲಂವರೆಗಿನ ಕರಾವಳಿಯನ್ನು ಸ್ವಲ್ಪ ವಿವರವಾಗಿ ಗೇಮಿನಲ್ಲಿ ತರಬೇಕು ಎಂಬುದು ನಮ್ಮ ಆಸೆ. ಶನಿವಾರ ರಾತ್ರಿ ಕಾಲ್‌ನಲ್ಲಿ ಸೇರುತ್ತೇವೆ. ಮಾತು ಇಂಗ್ಲಿಷ್, ಹಿಂದಿ, ಮಲಯಾಳ ಎಲ್ಲ ಕಲಸಿ ನಡೆಯುತ್ತದೆ. ಕಾಸರಗೋಡಿನವರಿಗೆ ಇದೇನೂ ಹೊಸತಲ್ಲ.

ಪತ್ತನಾಜೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಕಡಲ್ಗಳ್ಳರ ಭಾಗ ನನ್ನ ಪಾಲಿಗೆ ಬಂತು. ಮೂಲ ಗೇಮಿನಲ್ಲೇ ಇದಕ್ಕೆ ಸಾಕಷ್ಟು ಸಾಮಾನು ಇದೆ. ಲೈಟ್ ಶಿಪ್ ಎಂಬ ಸಣ್ಣ ಹಡಗುಗಳನ್ನು ಪ್ರೈವೇಟೀರ್ ಕೆಲಸಕ್ಕೆ, ಅಂದರೆ ರಾಜ್ಯದ ಅನುಮತಿಯಲ್ಲೇ ನಡೆಯುವ ಕಡಲ ದೋಚಾಟಕ್ಕೆ, ಬಿಟ್ಟರೆ ಬೇರೆಯವರ ವ್ಯಾಪಾರದ ಲಾಭ ಕಸಿದು ತರುತ್ತವೆ. ಕೆಲವು ರಾಜ್ಯಗಳಿಗೆ ಕರಾವಳಿಯ ಊರುಗಳನ್ನು ದೋಚುವ ಅವಕಾಶ ಇದೆ. ಒಮ್ಮೆ ದೋಚಿದ ಊರನ್ನು ಮತ್ತೆ ಹತ್ತು ವರ್ಷ ಮುಟ್ಟುವ ಹಾಗಿಲ್ಲ. 2018ರ ಡಿಸೆಂಬರ್‌ನಲ್ಲಿ ಬಂದ ಗೋಲ್ಡನ್ ಸೆಂಚುರಿ ವಿಸ್ತರಣೆಯಲ್ಲಿ ಪೈರೇಟ್ ರಿಪಬ್ಲಿಕ್ ಎಂಬ ಸರಕಾರವೇ ಬಂತು. ನಾನು ಮಾಡಿದ್ದು ಇಷ್ಟೇ. ಆ ಪೈರೇಟ್ ರಿಪಬ್ಲಿಕ್ ಅನ್ನು ಎತ್ತಿ ತಂದು ಮಲಬಾರ್ ಕರಾವಳಿಯಲ್ಲಿ ಇಟ್ಟೆ. ಮೇಲೆ ತಲೆಬುರುಡೆ ಹಾರಿಸಿದೆ. ನಾಯಕರ ಪಟ್ಟಿಯಲ್ಲಿ ಮೊದಲ ಹೆಸರು ಕುಂಞಾಲಿ ಮರಕ್ಕಾರ್.

ಶನಿವಾರ ರಾತ್ರಿ ಸ್ಕ್ರೀನ್ ತೋರಿಸಿದೆ. ವಡಗರದ ಗೆಳೆಯ ಮಾತಾಡಲಿಲ್ಲ. ಯಾವಾಗಲೂ ಎಲ್ಲರಿಗಿಂತ ಜಾಸ್ತಿ ಮಾತಾಡುವವನು ಅವನೇ. ಸ್ವಲ್ಪ ಹೊತ್ತಾದ ಮೇಲೆ ಹೇಳಿದ: "ಚೇಟ್ಟಾ, ಈ ಹೆಸರನ್ನು ಈ ಫೋಲ್ಡರಿನಲ್ಲಿ ಇಡುವುದಾದರೆ ನನ್ನ ಹೆಸರನ್ನು ಮಾಡ್‌ನಿಂದ ತೆಗೆಯಿರಿ."

ಅವನ ಮನೆಯಿಂದ ಇರಿಂಙಲ್ ಹೆಚ್ಚು ದೂರವಿಲ್ಲ. ಅಲ್ಲಿ ಕುಂಞಾಲಿಗಳ ಸ್ಮಾರಕ ಇದೆ. ಶಾಲೆಯಲ್ಲಿ ಇರುವಾಗ ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕರೆದುಕೊಂಡು ಹೋಗುತ್ತಿದ್ದರಂತೆ. ಅವನಿಗೆ ಕುಂಞಾಲಿ ಎಂದರೆ ಕಲ್ಲಿಕೋಟೆಯ ಅರಸ ಸಾಮೂದಿರಿಯ ನೌಕಾಪಡೆಯ ದಂಡನಾಯಕ. ಪೋರ್ಚುಗೀಸರ ಎದುರು ತಲೆಮಾರುಗಟ್ಟಲೆ ನಿಂತವರು. ಪೈರೇಟ್ ಎಂದು ಬರೆದದ್ದು ಪೋರ್ಚುಗೀಸರು. ಆಗ ರತ್ನಾಗಿರಿಯವನೂ ಸೇರಿಕೊಂಡ. ಹಾಗಾದರೆ ಕನ್ಹೋಜಿ ಆಂಗ್ರೆ ಯಾರು? ಇಂಗ್ಲಿಷರ ಕಾಗದಗಳಲ್ಲಿ ಅವನೂ ಪೈರೇಟ್. ಮರಾಠರಿಗೆ ಸರ್‌ಖೇಲ್, ಅಂದರೆ ನೌಕಾಪಡೆಯ ಮುಖ್ಯಸ್ಥ. ಮುಂಬಯಿಯಲ್ಲಿ ಈಗ ನಮ್ಮ ನೌಕಾಪಡೆಯ ಒಂದು ನೆಲೆಗೆ ಐಎನ್‌ಎಸ್ ಆಂಗ್ರೆ ಎಂದು ಹೆಸರು, ಇನ್ನೊಂದಕ್ಕೆ ಐಎನ್‌ಎಸ್ ಕುಂಞಾಲಿ.

ನನಗೆ ಸಿಟ್ಟು ಬರಲಿಲ್ಲ, ಆದರೆ ಏನು ಮಾಡುವುದು ಎಂದೂ ತೋಚಲಿಲ್ಲ. ಕಡಲ್ಗಳ್ಳರೇ ಇರಲಿಲ್ಲ ಎನ್ನುವ ಹಾಗೂ ಇಲ್ಲ. ಹಡಗು ಕಳಕೊಂಡವನಿಗೆ ಆದ ನಷ್ಟ ನಿಜವೇ ಅಲ್ವಾ?

ದಾರಿ ಸಿಕ್ಕಿದ್ದು ಒಂದು ತಾಳಮದ್ದಳೆಯಲ್ಲಿ. ನಮ್ಮಲ್ಲಿ ಮಳೆಗಾಲ ಎಂದರೆ ತಾಳಮದ್ದಳೆಯ ಕಾಲ. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ. ವೇಷ ಇಲ್ಲ, ಕುಣಿತ ಇಲ್ಲ. ಬರೀ ಹಾಡು, ಚೆಂಡೆ ಮದ್ದಳೆ, ಮಾತು. ಸೋದರಮಾವ ಆ ದಿನ ರಾವಣನ ಅರ್ಥ, ಅಂದರೆ ರಾವಣನ ಪಾತ್ರದ ಮಾತು, ಹೇಳುವುದಿತ್ತು. ಬಸ್ ಇಲ್ಲ ಎಂದು ಬೈಕಿನಲ್ಲಿ ನಾನೇ ಕರೆದುಕೊಂಡು ಹೋಗಿದ್ದೆ. ಒಂದು ಗಂಟೆ ರಾವಣನ ಪಕ್ಷ ಹಿಡಿದು ಮಾತಾಡಿದರು. ತಂಗಿಯ ಮೂಗು ಕೊಯ್ದವರನ್ನು ನಾನು ಏನೆಂದು ಕರೆಯಬೇಕು ಎಂದು ಕೇಳಿದಾಗ ಸಭೆ ಸುಮ್ಮನಾಯಿತು. ರಾಮನ ಅರ್ಥಧಾರಿ ಎದ್ದು ಅಷ್ಟೇ ಗಟ್ಟಿಯಾಗಿ ಉತ್ತರ ಕೊಟ್ಟರು. ಬರುವಾಗ ಮಾವನಿಗೆ ನನ್ನ ತೊಡಕು ಹೇಳಿದೆ. ಗೇಮ್ ಎಲ್ಲ ಅವರಿಗೆ ಗೊತ್ತಿಲ್ಲ. ಆದರೂ ಕೇಳಿಸಿಕೊಂಡರು.

"ನೀನು ಎಂತ ಮಾರಾಯ, ಎಲ್ಲರ ಅರ್ಥವನ್ನೂ ಒಬ್ಬನ ಬಾಯಲ್ಲಿ ಹೇಳಿಸ್ಲಿಕ್ಕೆ ನೋಡುದು? ಪಾತ್ರ ಎಷ್ಟು ಉಂಟೋ ಅರ್ಥಧಾರಿಗಳೂ ಅಷ್ಟು ಬೇಕು."

ಮನೆಗೆ ಬಂದು ಒದ್ದೆ ಬಟ್ಟೆ ಬದಲಿಸುವ ಮೊದಲೇ ಕಂಪ್ಯೂಟರ್ ಹಾಕಿದೆ. ಗೇಮಿನಲ್ಲಿ ಒಂದೇ ಘಟನೆಯನ್ನು ನೋಡುವ ರಾಜ್ಯಕ್ಕೆ ತಕ್ಕ ಹಾಗೆ ಬೇರೆ ಬೇರೆ ಮಾತಿನಲ್ಲಿ ತೋರಿಸುವ ಒಂದು ಸೌಕರ್ಯ ಇದೆ. ಕಸ್ಟಮೈಸಬಲ್ ಲೋಕಲೈಸೇಷನ್ ಅನ್ನುತ್ತಾರೆ. ಓದುವವನು ಪೋರ್ಚುಗಲ್ ಆದರೆ ಈ ಸಾಲು, ಕಲ್ಲಿಕೋಟೆ ಆದರೆ ಆ ಸಾಲು ಎಂದು ಷರತ್ತು ಹಾಕಬಹುದು. ಮೊದಲ ಸಾಲು ಬರೆದೆ. ಪೋರ್ಚುಗಲ್‌ಗೆ: "ಮಲಬಾರಿನ ಕಡಲ್ಗಳ್ಳರು ಗೋವೆಗೆ ಬರುತ್ತಿದ್ದ ಅಕ್ಕಿ ಹಡಗುಗಳನ್ನು ದೋಚಿದ್ದಾರೆ." ಕಲ್ಲಿಕೋಟೆಗೆ: "ಸಾಮೂದಿರಿಯ ಪಡವುಗಳು ಪರಂಗಿಗಳ ಅಕ್ಕಿ ಹಡಗುಗಳನ್ನು ಹಿಡಿದಿವೆ." ಮೂರನೆಯದು ಅಕ್ಕಿ ಕಳಿಸಿದ ಊರಿಗೆ, ಅಂದರೆ ನಮ್ಮ ಕಡೆಗೆ: "ಹೋದ ಹಡಗು ವಾಪಸ್ ಬಂದಿಲ್ಲ. ಅಕ್ಕಿಯ ಹಣವೂ ಬಂದಿಲ್ಲ." ಆ ಮೂರನೆಯ ಸಾಲು ಬರೆದ ಮೇಲೆ ಈ ಕೆಲಸ ನನ್ನದು ಅನಿಸಿತು.

ಯಾಕೆಂದರೆ ಅಕ್ಕಿ ನಮ್ಮ ಊರಿನ ನಿಜವಾದ ಕಥೆ. 16ನೇ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ಕಂಡ ಪೋರ್ಚುಗೀಸ್ ದುವಾರ್ತೆ ಬಾರ್ಬೋಸಾ ಕುಂಬಳೆಯ ಹೆಸರು ಹೇಳುತ್ತಾನೆ. ಇಲ್ಲಿಂದ ಕಪ್ಪು ಅಕ್ಕಿ ಹಡಗು ಹತ್ತುತ್ತಿತ್ತು. ಮಲಬಾರಿನವರು ಬಂದು ಒಯ್ಯುತ್ತಿದ್ದರು. ಮಾಲ್ಡೀವ್ಸ್ ದ್ವೀಪಗಳಿಗೂ ಹೋಗುತ್ತಿತ್ತು, ಅಲ್ಲಿಂದ ಬದಲಿಗೆ ತೆಂಗಿನ ನಾರು ಬರುತ್ತಿತ್ತು. ದಿನಾ ರೈಲು ಹತ್ತುವ ಊರು, ಒಂದು ಕಾಲಕ್ಕೆ ಮಾಲ್ಡೀವ್ಸ್ ತನಕ ವ್ಯವಹಾರ ಇಟ್ಟುಕೊಂಡಿತ್ತು. ಉತ್ತರಕ್ಕೆ ಬಸ್ರೂರು, ಹೊನ್ನಾವರದಿಂದಲೂ ಅಕ್ಕಿಯೇ. ಗೋವೆಯ ಹೊಟ್ಟೆ ತುಂಬುತ್ತಿದ್ದುದು ಈ ಕನರಾ ಅಕ್ಕಿಯಿಂದ. ಅಕ್ಕಿ ಹಡಗುಗಳು ಗುಂಪು ಕಟ್ಟಿಕೊಂಡು, ಜೊತೆಗೆ ಯುದ್ಧದ ಹಡಗು ಇಟ್ಟುಕೊಂಡು ಹೋಗುತ್ತಿದ್ದವು. ಮಲಬಾರಿನ ಪಡವುಗಳು ಕಾಯುತ್ತಿದ್ದುದು ಅವುಗಳನ್ನೇ.

ಕೆರಿಬಿಯನ್ ಕಡೆಯ ಚಿನ್ನದ ಪೆಟ್ಟಿಗೆ, ರಮ್ ಪೀಪಾಯಿ ಎಲ್ಲ ಆ ರಾತ್ರಿಯೇ ಅಳಿಸಿದೆ. ನಮ್ಮ ಕಡಲಿನ ನಿಧಿ ಅಕ್ಕಿ ಮತ್ತು ಕರಿಮೆಣಸು.

ಆಮೇಲೆ ಎರಡು ತಿಂಗಳು ಓದಿದ್ದೇ ಓದಿದ್ದು. ಮಂಗಳೂರಿಗೆ ಹೋಗುವ ರೈಲಿನಲ್ಲಿ ಫೋನ್‌ನಲ್ಲಿ, ಊಟದ ಬಿಡುವಿನಲ್ಲಿ, ರಾತ್ರಿ. ಓದಿದಷ್ಟೂ ನನ್ನ ಹಳೆಯ ಕಲ್ಪನೆ ಕರಗುತ್ತಾ ಹೋಯಿತು. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಫಾಕನೂರಿನ ಬಗ್ಗೆ ಹೇಳುತ್ತಾನೆ. ಅದು ನಮ್ಮ ಬಾರ್ಕೂರು. ಆ ಊರಿನ ಎದುರು ಹಾದುಹೋಗುವ ಪ್ರತಿ ಹಡಗೂ ಅಲ್ಲಿ ನಿಂತು ಅರಸನಿಗೆ ಕಾಣಿಕೆ ಕೊಡಬೇಕು. ಬಂದರಿನ ಹಕ್ಕು ಅದು. ನಿಲ್ಲದೆ ಹೋದರೆ ಅರಸನ ಹಡಗುಗಳು ಬೆನ್ನಟ್ಟಿ, ಬಲವಂತದಿಂದ ಎಳೆದು ತಂದು, ಎರಡು ಪಟ್ಟು ಸುಂಕ ವಸೂಲು ಮಾಡುತ್ತಿದ್ದವು. ಇದು ಸುಂಕವೋ ದರೋಡೆಯೋ? ಅರಸನನ್ನು ಕೇಳಿದರೆ ಸುಂಕ. ಅದೇ ಇಬ್ನ್ ಬತೂತನನ್ನು ಮುಂದೊಂದು ಪ್ರಯಾಣದಲ್ಲಿ ಹೊನ್ನಾವರಕ್ಕೂ ಬಾರ್ಕೂರಿಗೂ ನಡುವೆ 12 ಹಡಗುಗಳು ಸುತ್ತುವರಿದವು. ಸಿಂಹಳದಿಂದ ತಂದ ರತ್ನಗಳನ್ನೆಲ್ಲ ಕಿತ್ತುಕೊಂಡರು. ಮೈಮೇಲೆ ಉಳಿದದ್ದು ಇಜಾರ ಮಾತ್ರ. ಅದು ದರೋಡೆ, ಸಂಶಯವಿಲ್ಲ.

ಪೋರ್ಚುಗೀಸರು ಬಂದು ಕಾರ್ತಾಜ್ ಎಂಬ ಕಾಗದ ತಂದರು. ಅವರಿಂದ ಪರವಾನಗಿ ತೆಗೆದುಕೊಳ್ಳದ ಹಡಗನ್ನು ಹಿಡಿಯಬಹುದು, ಸರಕು ಕಿತ್ತುಕೊಳ್ಳಬಹುದು. ಇನ್ನೂರು ವರ್ಷ ಕಳೆದು ಕನ್ಹೋಜಿ ಆಂಗ್ರೆ ಕೊಂಕಣದಲ್ಲಿ ಮಾಡಿದ್ದೂ ಅದನ್ನೇ. ಅವನ ಕಾಗದಕ್ಕೆ ದಸ್ತಕ್ ಎಂದು ಹೆಸರು. ಇಂಗ್ಲಿಷ್ ಕಂಪನಿಗೆ ಅವನು ಕಳ್ಳನಾಗಿ ಕಂಡದ್ದು ಈ ದಸ್ತಕ್ಕಿನ ದೆಸೆಯಿಂದಲೇ ಎಂದು ನನಗೆ ಅನಿಸುತ್ತದೆ. ಕಾಗದ ಕೊಡುವ ಕೈ ತಮ್ಮದಾಗಿರಬೇಕು ಎಂದು ಅವರ ಹಟ.

ಹೀಗೆ ನಮ್ಮ ಮಾಡ್‌ನ ಮುಖ್ಯ ವ್ಯವಸ್ಥೆ ಹುಟ್ಟಿತು. ಪೈರೇಟ್ ರಿಪಬ್ಲಿಕ್ ಅನ್ನು ಈ ಕರಾವಳಿಯಿಂದ ಪೂರ್ತಿ ತೆಗೆದೆವು. ಬದಲಿಗೆ ಪಾಸ್ ಬಂತು. ಸಾಕಷ್ಟು ಹಡಗು ಇರುವ ಯಾವ ರಾಜ್ಯವಾದರೂ "ಈ ಕಡಲಿನಲ್ಲಿ ನಮ್ಮ ಪಾಸ್ ಬೇಕು" ಎಂದು ಸಾರಬಹುದು. ಉಳಿದವರು ದುಡ್ಡು ಕೊಟ್ಟು ತೆಗೆದುಕೊಳ್ಳಬೇಕು, ಇಲ್ಲವಾದರೆ ಹಡಗು ಹೋಗಬಹುದು. ಇಬ್ಬರು ಒಂದೇ ಕಡಲಿನಲ್ಲಿ ಪಾಸ್ ಸಾರಿದರೆ ಸಣ್ಣ ಬಂದರುಗಳ ಗತಿ ಕೆಟ್ಟಿತು. ಎರಡೂ ಕಡೆ ಕೊಡಬೇಕು, ಅಥವಾ ಒಬ್ಬನನ್ನು ನಂಬಿ ಇನ್ನೊಬ್ಬನ ಕೈಗೆ ಸಿಕ್ಕಿಬೀಳಬೇಕು. ಕುಂಬಳೆ ಹಿಡಿದು ಆಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ಇನ್ನು ಹಡಗು. ಇಲ್ಲಿ ನನಗೆ ತುಂಬಾ ದಿನ ಹಿಡಿಯಿತು. ಗೇಮಿನಲ್ಲಿ ಹಡಗುಗಳ ಜಾತಿ ನಾಲ್ಕೇ. ದೊಡ್ಡ ಯುದ್ಧದ ಹಡಗು, ಲೈಟ್ ಶಿಪ್, ಗ್ಯಾಲಿ, ಸಾಗಾಟದ ಹಡಗು. ಐದನೆಯದನ್ನು ನಾವು ಹುಟ್ಟಿಸುವ ಹಾಗಿಲ್ಲ. ಮಲಬಾರಿನ ಪಡವು ಹುಟ್ಟು ಹಾಕಿ ಓಡಿಸುವಂಥದ್ದು. ತಳ ಆಳವಿಲ್ಲ, ಹಗುರ, ವೇಗ ಜಾಸ್ತಿ. ಹುಟ್ಟು ಇದೆ ಎಂದ ಮೇಲೆ ಗ್ಯಾಲಿಗೆ ಸೇರಬೇಕು. ಆದರೆ ಗ್ಯಾಲಿಗೆ ಹೆಚ್ಚಿನ ಬಲ ಸಿಗುವುದು ಮೆಡಿಟರೇನಿಯನ್‌ನಂಥ ಒಳಗಡಲುಗಳಲ್ಲಿ ಮಾತ್ರ. ಅದನ್ನು ಪ್ರೈವೇಟೀರ್ ಕೆಲಸಕ್ಕೆ ಕಳಿಸಲೂ ಆಗುವುದಿಲ್ಲ, ಆ ಕೆಲಸ ಲೈಟ್ ಶಿಪ್‌ಗಳದ್ದು. ಬೆಲೆ ನೋಡಿದರೆ ಗ್ಯಾಲಿಗೆ ಗೇಮಿನ ಹಣದಲ್ಲಿ 10 ಡುಕಾಟ್, ಲೈಟ್ ಶಿಪ್‌ಗೆ 20. ಪಡವಿನ ಬೆಲೆ ಗ್ಯಾಲಿಯದ್ದು, ಕೆಲಸ ಲೈಟ್ ಶಿಪ್‌ನದ್ದು. ಕೊನೆಗೆ ಅದನ್ನು ಲೈಟ್ ಶಿಪ್ ಜಾತಿಗೇ ಸೇರಿಸಿ, ತೋಪು ಕಡಿಮೆ ಮಾಡಿ, ವೇಗ ಹೆಚ್ಚಿಸಿ, ಈ ಕರಾವಳಿಯ ರಾಜ್ಯಗಳಿಗೆ ಮಾತ್ರ ಬೆಲೆ ಇಳಿಸಿದೆ. ಒಂದೊಂದಾಗಿ ಅದು ಏನೂ ಅಲ್ಲ. 20 ಸೇರಿದರೆ ಬೇರೆಯೇ ಮಾತು.

20 ಎಂಬ ಲೆಕ್ಕ ಮಾರ್ಕೊ ಪೋಲೊನಿಂದ ಬಂದದ್ದು. 13ನೇ ಶತಮಾನದ ಕೊನೆಗೆ ಇಲ್ಲಿ ಹಾದುಹೋದ ಅವನು ಹೇಳುವ ಪ್ರಕಾರ ಮಲಬಾರಿನಿಂದಲೂ ಗುಜರಾತಿನಿಂದಲೂ ಸೇರಿ ವರ್ಷಕ್ಕೆ ನೂರಕ್ಕೂ ಹೆಚ್ಚು ಇಂಥ ಹಡಗುಗಳು ಹೊರಡುತ್ತಿದ್ದವು. ಹೆಂಡತಿ ಮಕ್ಕಳೂ ಜೊತೆಗೆ. 20, 30 ಹಡಗುಗಳು ಸೇರಿ, ಒಂದಕ್ಕೊಂದು ಐದಾರು ಮೈಲಿ ಬಿಟ್ಟು ಸಾಲಾಗಿ ನಿಂತು, ನೂರು ಮೈಲಿ ಕಡಲಿಗೆ ಬಲೆ ಹಾಕಿದ ಹಾಗೆ ಕಾಯುತ್ತಿದ್ದವು. ಒಬ್ಬನಿಗೆ ವ್ಯಾಪಾರದ ಹಡಗು ಕಂಡರೆ ಬೆಂಕಿಯೋ ಹೊಗೆಯೋ ಹಾಕಿ ಉಳಿದವರಿಗೆ ತಿಳಿಸುತ್ತಿದ್ದ. ದೋಚಿದ ಮೇಲೆ ವ್ಯಾಪಾರಿಯನ್ನು ಕೊಲ್ಲುತ್ತಿರಲಿಲ್ಲ. ಹೋಗು, ಇನ್ನೂ ಸಂಪಾದಿಸು, ಅದೂ ನಮಗೇ ಸಿಗಬಹುದು ಎಂದು ಬಿಟ್ಟುಬಿಡುತ್ತಿದ್ದರು. ಗುಜರಾತಿನ ಕಡೆಯವರು ಹುಣಸೆಹಣ್ಣನ್ನು ಸಮುದ್ರದ ನೀರಿನಲ್ಲಿ ಕಲಸಿ ವ್ಯಾಪಾರಿಗಳಿಗೆ ಕುಡಿಸುತ್ತಿದ್ದರು ಎಂಬುದನ್ನೂ ಅವನೇ ಹೇಳುತ್ತಾನೆ. ನುಂಗಿದ ಮುತ್ತು ಹೊರಗೆ ಬರಲಿ ಎಂದು. ಆ ಹುಣಸೆಹಣ್ಣಿಗೆ ಒಂದು ಘಟನೆ ಬರೆದೆ, ರತ್ನಾಗಿರಿಯವನಿಗೆ ಅದು ತುಂಬಾ ಇಷ್ಟ.

ಐದಾರು ಮೈಲಿ ದೂರದಿಂದ ಇನ್ನೊಂದು ದೋಣಿ ಕಾಣುತ್ತದಾ? ಇದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಒಂದು ಭಾನುವಾರ ಕೊಯಿಪ್ಪಾಡಿ ಕಡಪ್ಪುರಕ್ಕೆ ಹೋದೆ. ಮಳೆ ಬಿಟ್ಟಿತ್ತು. ದೋಣಿಗಳನ್ನು ಮೇಲೆಳೆದು ತೆಂಗಿನ ಗರಿ ಹೊದಿಸಿದ್ದರು. ಬಲೆ ಸರಿಮಾಡುತ್ತಾ ಕೂತಿದ್ದ ಹಿರಿಯರೊಬ್ಬರ ಹತ್ತಿರ ತುಳುವಿನಲ್ಲೇ ಕೇಳಿದೆ. ಅವರು ಕೈಯ ಕೆಲಸ ನಿಲ್ಲಿಸಲಿಲ್ಲ.

"ದೋಣಿಯಲ್ಲಿ ಕೂತವನಿಗೆ ಕಾಣುವುದಿಲ್ಲ ಮಗಾ. ಕಂಬ ಹತ್ತಿದವನಿಗೆ ಕಾಣುತ್ತದೆ. ಹೊಗೆಯಾದರೆ ಇನ್ನೂ ಆಚೆಯಿಂದ ಕಾಣುತ್ತದೆ."

ಆಮೇಲೆ ಅವರೇ ಅಳಿವೆಯ ಮಾತು ತೆಗೆದರು. ಹೊಳೆಯ ಬಾಯಿ ಪ್ರತಿ ವರ್ಷ ಒಂದೇ ಕಡೆ ಇರುವುದಿಲ್ಲ. ಮಳೆಗಾಲದಲ್ಲಿ ಹೊಳೆ ಮರಳನ್ನು ನೂಕುತ್ತದೆ, ಕಡಲು ವಾಪಸ್ ತಂದು ಹಾಕುತ್ತದೆ. ಎಲ್ಲಿ ಆಳ, ಎಲ್ಲಿ ದಿಣ್ಣೆ ಎಂದು ಇಲ್ಲಿಯವನಿಗೆ ಗೊತ್ತು, ಹೊರಗಿನವನಿಗೆ ಗೊತ್ತಿಲ್ಲ. ತಳ ಆಳದ ಹಡಗು ಬಂದರೆ ಮರಳಿನಲ್ಲಿ ಕೂರುತ್ತದೆ. ಅವರು ಬೆರಳಿನಿಂದ ಮರಳಿನಲ್ಲಿ ಗೀರಿ ತೋರಿಸಿದರು. ಒಂದು ಗೆರೆ ಕಡಲು, ಒಂದು ಗೆರೆ ಹೊಳೆ, ನಡುವೆ ಮೀನಿನ ಬಾಲದ ಹಾಗೆ ತಿರುಗಿದ ಸಣ್ಣ ದಾರಿ. ಪೋರ್ಚುಗೀಸರ ದೊಡ್ಡ ಹಡಗುಗಳು ಯಾಕೆ ಹೊರಗೇ ಕಾಯಬೇಕಾಗುತ್ತಿತ್ತು ಎಂದು ಆ ಗೀರು ನೋಡಿದಾಗ ಅರ್ಥವಾಯಿತು.

ಕಾಸರಗೋಡು ಜಿಲ್ಲೆಯಲ್ಲಿ 12 ಹೊಳೆಗಳಿವೆ. ಗೇಮಿನ ಭೂಪಟದಲ್ಲಿ ನಮ್ಮ ಇಡೀ ಕರಾವಳಿಗೆ ಬೆರಳಲ್ಲಿ ಎಣಿಸುವಷ್ಟು ಪಿಕ್ಸೆಲ್. ಹೊಳೆ ಬರೆಯಲು ಜಾಗವೇ ಇಲ್ಲ. ಹಾಗಾಗಿ "ಅಳಿವೆ" ಎಂಬ ಹೆಸರಿನ ಒಂದು ಶಾಶ್ವತ ಗುಣವನ್ನು ಇಲ್ಲಿನ ಪ್ರಾಂತ್ಯಗಳಿಗೆ ಕೊಟ್ಟೆ. ಅದು ಇದ್ದಲ್ಲಿ ದಿಗ್ಬಂಧನ ಹಾಕಲು ಶತ್ರುವಿಗೆ ಜಾಸ್ತಿ ಹಡಗು ಬೇಕು. ಹೆಸರನ್ನು ಅನುವಾದ ಮಾಡಲಿಲ್ಲ, ಅಳಿವೆ ಎಂದೇ ಇಟ್ಟೆ.

ಕುಂಬಳೆಯನ್ನು ಬೇರೆಯೇ ಪ್ರಾಂತ್ಯವಾಗಿ ಬಿಡಿಸುವಾಗ ಒಂದು ವಾರ ಹೋಯಿತು. ಗೇಮಿನ ಭೂಪಟ 5632 ಪಿಕ್ಸೆಲ್ ಅಗಲದ ಒಂದು ಬಿಎಂಪಿ ಚಿತ್ರ. ಪ್ರತಿ ಪ್ರಾಂತ್ಯಕ್ಕೂ ಒಂದೊಂದು ಬಣ್ಣ, ಬೇರೆ ಯಾರಿಗೂ ಇಲ್ಲದ ಬಣ್ಣ. ನಾನು ಬಣ್ಣ ತುಂಬಿದ್ದು ಬ್ರಷ್‌ನಲ್ಲಿ. ಬ್ರಷ್ ಅಂಚನ್ನು ನುಣುಪು ಮಾಡುತ್ತದೆ. ಆ ನುಣುಪಿನಲ್ಲಿ ಯಾವ ಪ್ರಾಂತ್ಯಕ್ಕೂ ಸೇರದ ಹತ್ತಾರು ಬಣ್ಣಗಳು ಹುಟ್ಟಿದ್ದವು. ಗೇಮ್ ತೆರೆಯಲೇ ಇಲ್ಲ. ಪೆನ್ಸಿಲ್ ಹಿಡಿದು ಒಂದೊಂದೇ ಪಿಕ್ಸೆಲ್ ಸರಿ ಮಾಡಿದೆ. ಆಮೇಲೂ ತೆರೆಯಲಿಲ್ಲ, ಒಟ್ಟು ಪ್ರಾಂತ್ಯಗಳ ಲೆಕ್ಕವನ್ನು ಇನ್ನೊಂದು ಫೈಲಿನಲ್ಲಿ ಹೆಚ್ಚಿಸಬೇಕಿತ್ತು. ಅದಾದ ಮೇಲೆ ತೆರೆಯಿತು. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಎರಡು ವಿಷಯ ನೆನಪಿಡಿ: ಪೆನ್ಸಿಲ್ ಮಾತ್ರ ಬಳಸಿ, ಗೇಮ್ ತಪ್ಪುಗಳನ್ನು ಬರೆದಿಡುವ ಎರರ್ ಲಾಗ್ ಫೈಲನ್ನು ದಿನಾ ಓದಿ.

ಮಳೆಗಾಲ ಹಾಕಿದ್ದು ನನಗೆ ಇಷ್ಟವಾದ ಕೆಲಸ. ಜೂನ್ ಬಂದರೆ ಈ ಕಡಲು ಮುಚ್ಚುತ್ತದೆ. ಈಗಲೂ ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ 61 ದಿನ ನಿಷೇಧ, ಕೇರಳದಲ್ಲಿ ಟ್ರಾಲಿಂಗ್‌ಗೆ 52 ದಿನ. ಗಡಿಯಲ್ಲಿ ಇರುವ ನಮಗೆ ಎರಡೂ ಲೆಕ್ಕ ಬಾಯಿಗೆ ಬರುತ್ತದೆ. ಹಿಂದೆ ಹಾಯಿ ಹಡಗುಗಳಿಗೆ ಕಾನೂನು ಬೇಕಾಗಿರಲಿಲ್ಲ, ಗಾಳಿಯೇ ಹೇಳುತ್ತಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ದೋಚುವುದೂ ಇಲ್ಲ, ಸಾಗಿಸುವುದೂ ಇಲ್ಲ ಎಂದು ಷರತ್ತು ಬರೆದೆ. ಆಡಿ ನೋಡಿದರೆ ಡಿಸೆಂಬರ್ ಮುಗಿಯುವವರೆಗೂ ಕಡಲು ತೆರೆಯಲಿಲ್ಲ! ಈ ಗೇಮಿನ ಭಾಷೆಯಲ್ಲಿ ಷರತ್ತಿಗೆ ಒಂದು ಸಂಖ್ಯೆ ಕೊಟ್ಟರೆ ಹೆಚ್ಚಿನ ಕಡೆ "ಅಷ್ಟು ಅಥವಾ ಅದಕ್ಕಿಂತ ಜಾಸ್ತಿ" ಎಂದು ಅರ್ಥ. ಜೂನ್ ಎಂದರೆ ಜೂನ್ ಮತ್ತು ಅದರ ನಂತರದ್ದೆಲ್ಲ. ಸೆಪ್ಟೆಂಬರ್ ಅಲ್ಲ ಎಂದು ಇನ್ನೊಂದು ಸಾಲು ಸೇರಿಸಿದ ಮೇಲೆ ಸರಿಯಾಯಿತು.

ಅಕ್ಷರದ ವಿಷಯ ಹೇಳದೆ ಬಿಡಲು ಮನಸ್ಸಿಲ್ಲ. ಗೇಮಿನಲ್ಲಿ ಒಂದು ಅಕ್ಷರಕ್ಕೆ ಒಂದು ಚಿತ್ರದ ತುಂಡು. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಒತ್ತು ಕೆಳಗೆ ಹೋಗಬೇಕು, ಗುಣಿತ ಅಂಟಿಕೊಳ್ಳಬೇಕು. ನಾನು ಫಾಂಟ್ ಮಾಡಿ ಮೊದಲು ಬರೆದ ಹೆಸರು ಅಬ್ಬಕ್ಕ. ತೆರೆಯ ಮೇಲೆ ಬಂದದ್ದು ಅ, ಬ, ಬ, ಕ, ಕ, ನಡುನಡುವೆ ಕೊಂಡಿ. ಉಳ್ಳಾಲದ ರಾಣಿಯ ಹೆಸರು ಹಾಗೆ ಮುರಿದು ಬಿದ್ದಿರುವುದನ್ನು ನೋಡಲು ಆಗಲಿಲ್ಲ. ಮೂರು ವಾರ ಪ್ರಯತ್ನಪಟ್ಟು ಬಿಟ್ಟೆ. ಈಗ ಮೊದಲು ಕನ್ನಡದಲ್ಲಿ ಬರೆಯುತ್ತೇನೆ, ಆಮೇಲೆ ಇಂಗ್ಲಿಷಿಗೆ ತರುತ್ತೇನೆ. ಊರ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಉಚ್ಚಾರಕ್ಕೆ ಸರಿಯಾಗಿ ಇಡುತ್ತೇನೆ. ಪ್ರಾಂತ್ಯ ಯಾರ ಕೈಗೆ ಹೋಗುತ್ತದೋ ಅವರ ಮಾತಿನಲ್ಲಿ ಹೆಸರು ಬದಲಾಗುವ ಸೌಕರ್ಯ ಇದೆ. ಕೆಳದಿಯವರ ಕೈಯಲ್ಲಿದ್ದರೆ ಕುಂಬಳೆ, ಕಣ್ಣೂರು ಕಡೆಯ ಕೋಲತ್ತುನಾಡಿನವರದ್ದಾದರೆ ಕುಂಬಳ. ಎರಡೂ ನಮ್ಮ ಊರಿನಲ್ಲಿ ದಿನಾ ಕೇಳುವ ಹೆಸರುಗಳೇ.

ದೊಡ್ಡ ಘಟನಾವಳಿ ನಾಲ್ಕನೆಯ ಕುಂಞಾಲಿಯದ್ದು. ಅದನ್ನು ಬರೆಯಲು ವಡಗರದವನನ್ನೇ ಕೇಳಿದೆ, ಇಬ್ಬರೂ ಸೇರಿ ಬರೆದೆವು. ದಂಡನಾಯಕನ ಬಲ ಎಷ್ಟು ಬೆಳೆಯಿತೆಂದರೆ ಸಾಮೂದಿರಿಗೇ ಅದು ಸಹಿಸಲಾಗಲಿಲ್ಲ. ಯಾವ ಪೋರ್ಚುಗೀಸರ ಎದುರು ಆ ನೌಕಾಪಡೆ ಹುಟ್ಟಿತ್ತೋ ಅವರ ಜೊತೆಗೇ ಸಾಮೂದಿರಿ ಕೈ ಸೇರಿಸಿದ. 1599ರ ದಾಳಿ ಸೋತಿತು. 1600ರಲ್ಲಿ ಆಂದ್ರೆ ಫುರ್ತಾದೊ ದೆ ಮೆಂದೋನ್ಸ ಕಡಲಿನಿಂದ, ಸಾಮೂದಿರಿ ನೆಲದಿಂದ ಮುತ್ತಿದರು. ಜೀವ ಉಳಿಸುವ ಮಾತು ನಂಬಿ ಕುಂಞಾಲಿ ಸಾಮೂದಿರಿಗೆ ಶರಣಾದ. ಪೋರ್ಚುಗೀಸರು ಅವನನ್ನು ಹಿಡಿದು ಗೋವೆಗೆ ಒಯ್ದು ಕೊಂದರು.

ಗೇಮಿನಲ್ಲಿ ಸಾಮೂದಿರಿ ಆಡುವವನಿಗೆ ಇಲ್ಲಿ ಆಯ್ಕೆ ಬರುತ್ತದೆ. ದಂಡನಾಯಕನನ್ನು ಉಳಿಸಿಕೊಂಡರೆ ಪಡವುಗಳು ಉಳಿಯುತ್ತವೆ, ಆದರೆ ಅರಸನ ಅಧಿಕಾರ ಕುಗ್ಗುತ್ತಾ ಹೋಗುತ್ತದೆ. ಬಿಟ್ಟುಕೊಟ್ಟರೆ ಪೋರ್ಚುಗಲ್ ಜೊತೆ ಶಾಂತಿ, ಒಂದಷ್ಟು ಹಣ. ಆದರೆ ಪಾಸ್ ಸಾರುವ ಹಕ್ಕು ಹೋಗುತ್ತದೆ. ಎರಡರಲ್ಲೂ ಲಾಭನಷ್ಟ ಸರಿಸಮ ಇಡಬೇಕು ಎಂದು ನಾನು ಅಂದೆ. ಗೆಳೆಯ ಒಪ್ಪಲಿಲ್ಲ. ಕಲ್ಲಿಕೋಟೆ ಅಂದು ಕಳಕೊಂಡದ್ದು ದೊಡ್ಡದು, ಅದನ್ನು ಸಂಖ್ಯೆಯಲ್ಲಿ ತೋರಿಸಬೇಕು ಎಂದ. ಎರಡು ಶನಿವಾರ ಇದೇ ಚರ್ಚೆ. ಅವನ ಮಾತೇ ಸರಿ ಎಂದು ಈಗ ನನಗೂ ಅನಿಸುತ್ತದೆ. ಶರಣಾಗತಿಯ ಪರದೆಗೆ ಅವನು ಬರೆದ ಸಾಲು ಹೀಗಿದೆ: "ಅವನು ಕತ್ತಿಯನ್ನು ತಲೆಕೆಳಗಾಗಿ ಹಿಡಿದು ಬರುತ್ತಿದ್ದಾನೆ. ನೀವು ಕೊಟ್ಟ ಮಾತು ನಿಮಗೆ ನೆನಪಿದೆ." ಕೆಳಗೆ ಒಂದೇ ಬಟನ್.

ಹೊನ್ನಾವರದ ತಿಮ್ಮೋಜನ ಘಟನೆಯನ್ನು ಮಂಗಳೂರಿನವನು ಬರೆದ. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ನನ್ನು ಗೋವೆಯ ಕಡೆ ತಿರುಗಿಸಿದವನು ಈ ತಿಮ್ಮೋಜನೇ. ಅಬ್ಬಕ್ಕನದ್ದು ಇನ್ನೂ ಅರ್ಧದಲ್ಲಿದೆ, ಅವಸರ ಮಾಡುವುದಿಲ್ಲ.

ಕೊನೆಯ ಪರೀಕ್ಷೆ 1645ರಿಂದ ಆಡಿದ್ದು. ಶಿವಪ್ಪ ನಾಯಕ ಪಟ್ಟಕ್ಕೆ ಬಂದ ವರ್ಷ. ಕೆಳದಿಯ ಸೇನೆ ಕೆಳಗಿಳಿದು ಬಂತು. ಬೇಕಲದ ಕೋಟೆ ಎದ್ದಿತು. ಕುಂಬಳೆಯ ಹೆಸರು ನಮ್ಮ ಉಚ್ಚಾರಕ್ಕೆ ಬದಲಾಯಿತು. ಮಾವ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದರು. ಒಂದೇ ಹಡಗಿನ ಸುದ್ದಿಯನ್ನು ಪೋರ್ಚುಗಲ್ ಕಡೆಯಿಂದ, ಕಲ್ಲಿಕೋಟೆ ಕಡೆಯಿಂದ, ನಮ್ಮ ಕಡೆಯಿಂದ ಓದಿಸಿದೆ. ಮೂರನ್ನೂ ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಅರ್ಥ ಹೇಳುವ ಧಾಟಿಯಲ್ಲಿ ಓದಿದರು. ಪೋರ್ಚುಗೀಸರ ಅರ್ಥ ಸ್ವಲ್ಪ ಸಪ್ಪೆಯಾಯಿತು, ಅವರಿಗೂ ಒಂದು ನೋವು ಬೇಕು ಎಂದರು. ಬರೆದುಕೊಂಡೆ.

ಬಾವುಟಕ್ಕೆ ಈಗ ಪಡವು. ಚೂಪು ಮೂತಿ, ಒಂದು ಕಂಬ, ಎರಡೂ ಬದಿಗೆ ಹುಟ್ಟು. ಅದರ ಚಿತ್ರವನ್ನು ಫೋನ್‌ನಲ್ಲಿ ಇಟ್ಟುಕೊಂಡು ಕೊಯಿಪ್ಪಾಡಿಗೆ ಹೋಗಿ ಆ ಹಿರಿಯರಿಗೆ ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಹಾಯಿಯಲ್ಲಿ ಗಾಳಿ ತುಂಬಿದೆ. ಮತ್ತೆ ಹುಟ್ಟು ಯಾಕೆ ನೀರಲ್ಲಿದೆ? ಅಳಿವೆ ದಾಟುವಾಗ ಹಾಯಿ ಇಳಿಸಬೇಕು."

ಆ ರಾತ್ರಿ ಹಾಯಿ ಇಳಿಸಿ ಕಂಬಕ್ಕೆ ಸುತ್ತಿದೆ. 128 ಪಿಕ್ಸೆಲ್‌ನಲ್ಲಿ ಹುಟ್ಟುಗಳು ಆರೇ ಹಿಡಿದವು, ಬದಿಗೆ ಮೂರರಂತೆ.